ಕೊಳ ಖಾಲಿ ಮಾಡಿದ ದಿನ

ಧಾರವಾಡದ ದಕ್ಷಿಣ ದಿಬ್ಬ
ಇಸವಿ 2231, ಎರಡನೆಯ ಮಳೆಗಾಲದ ನಲವತ್ತೊಂದನೆಯ ದಿನ

ಮನೆಯಂಗಳದಲ್ಲಿ ಈಜುಕೊಳ ಕಟ್ಟಿಸಿಕೊಂಡವರಿಗೆ ಫಕೀರವ್ವ ಬರೆಯುವುದು. ನನ್ನ ಮಾತು ನಿಮಗೆ ಒರಟೆನಿಸಿದರೆ ಮನ್ನಿಸಿ. ಇನ್ನೂರು ವರ್ಷಗಳಲ್ಲಿ ಕನ್ನಡವೂ ಸವೆದಿದೆ. ನಾನು ಇಲ್ಲಿಯ ನೀರಾಳು. ಎಂದರೆ, ನಿಮ್ಮಲ್ಲೊಬ್ಬರು ಮಕ್ಕಳ ಆಟಕ್ಕೆಂದು ಕಟ್ಟಿಸಿದ ಕೊಳವನ್ನು ಕಾಯ್ದು, ಅರವತ್ತು ಮನೆಗಳಿಗೆ ಕುಡಿಯುವ ನೀರು ಕೊಡುವವಳು.

ಬೆಳಗಾದರೆ ನೀರಿನ ಹದ ನೋಡುವುದು ನನ್ನ ಕೆಲಸ. ಹುಳಿ ಹೆಚ್ಚಾದ ನೀರು ಗಾರೆಯನ್ನು ತಿನ್ನುತ್ತದೆ, ಆಗ ಸೋಡಾಪುಡಿ ಬೆರೆಸುತ್ತೇನೆ. ಕ್ಷಾರ ಹೆಚ್ಚಾದರೆ ಕ್ಲೋರಿನ್ ಹಾಕಿಯೂ ಹಾಕದಂತೆಯೇ. ಆಗ ಬಕೆಟ್ ನೀರಿಗೆ ಆಮ್ಲವನ್ನು ಹನಿಹನಿಯಾಗಿ ಬಿಟ್ಟು, ಆ ನೀರನ್ನು ಕೊಳಕ್ಕೆ ಸುರಿಯುತ್ತೇನೆ. ಅರ್ಧ ದಿನ ಯಾರೂ ಕೊಡ ಮುಳುಗಿಸುವಂತಿಲ್ಲ. ಸಾಲಿನಲ್ಲಿ ನಿಂತ ಮುದುಕಿಯರು ನನ್ನ ವಂಶವನ್ನೇ ಬೈಯುತ್ತಾರೆ.

ಈ ಸಲ ಹನ್ನೊಂದು ದಿನ ಬಿಡದೆ ಮಳೆ ಸುರಿಯಿತು. ಚರಂಡಿಯ ನೀರು ಕೊಳಕ್ಕೆ ನುಗ್ಗಿತು. ವಾಂತಿಭೇದಿಯಿಂದ ಮೂರು ಮಕ್ಕಳು ತೀರಿಕೊಂಡರು; ಅವರಲ್ಲೊಬ್ಬಳು ಓಣಿಯ ಹಿರಿಯ ದಾವಲಸಾಬರ ಮೊಮ್ಮಗಳು. ಅವರೇ ಬಂದು ನನ್ನೆದುರು ನಿಂತರು.

“ಇವತ್ತ ಖಾಲಿ ಮಾಡವ್ವಾ. ತಳ ತಿಕ್ಕಿ ಹೊಸಾ ನೀರು ತುಂಬೋಣು.”

“ಕಾಕಾ, ಕೊಳದ ಕೆಳಗಿನ ಕರಿ ಎರಿಮಣ್ಣು ನೀರು ಕುಡದು ಉಬ್ಬೇತಿ. ಒಳಗಿನ ಭಾರ ತಗದ್ರ ಕೆಳಗಿನ ನೀರು ತಳಾನ ಎತ್ತಿ ಒಗಿತೈತಿ. ಮೂರರಾಗ ಒಂದು ಪಾಲು ತಗದು ತುಂಬತೀನಿ, ಆಮ್ಯಾಲ ಮತ್ತೊಂದು ಪಾಲು. ಎಂಟು ದಿನಾ ಕೊಡ್ರಿ.”

“ಎಂಟು ದಿನದಾಗ ಇನ್ನೆಷ್ಟು ಹೆಣಾ ಹೊರೂಣು?”

ನೆಲದಡಿಯ ನೀರಿನ ಮಟ್ಟ ನೋಡಲು ಪಕ್ಕದಲ್ಲಿ ತೋಡಿದ ಅಳತೆಗುಂಡಿಯಲ್ಲಿ ನೀರು ಎದೆಮಟ್ಟ ನಿಂತಿದ್ದನ್ನು ಕಣ್ಣಾರೆ ಕಂಡೂ ಪಂಪು ತಿರುಗಿಸಿದೆ.

ಮಧ್ಯಾಹ್ನಕ್ಕೆ ತಳ ಕಂಡಿತು. ತಿಕ್ಕಲು ನನ್ನ ತಮ್ಮ ಮೈಲಾರಿ ಇಳಿದ. “ಅಕ್ಕಾ, ಕಾಲಾಗ ಏನೋ ನಡುಗಿದಂಗ ಆಗತೈತಿ” ಎಂದ. ಹತ್ತಿ ಬಾ ಎಂದು ನಾನು ಕೂಗುವುದರೊಳಗೆ ತಳ ಉಬ್ಬಿ ಒಡೆಯಿತು. ಎರಡು ಕಾಂಕ್ರೀಟ್ ಹಲಗೆಗಳ ನಡುವೆ ಅವನ ಕಾಲು ಸಿಕ್ಕಿಕೊಂಡಿತು. ಕೆಳಗಿನಿಂದ ಕೆಸರುನೀರು ಮೊಣಕಾಲಿಗೆ, ಸೊಂಟಕ್ಕೆ, ಕೊರಳಿಗೆ ಏರಿತು. ಎಂಟು ಜನ ಹಾರೆ ಹಾಕಿ ಮೀಟಿದರೂ ಹಲಗೆ ಅಲುಗಲಿಲ್ಲ. ಕೊನೆಯವರೆಗೂ ಅವನ ಗದ್ದವನ್ನು ನಾನೇ ಮೇಲಕ್ಕೆತ್ತಿ ಹಿಡಿದಿದ್ದೆ.

ಅವನನ್ನು ಮಣ್ಣು ಮಾಡಿ ಬಂದು, ನೀರು ಇಳಿದ ಮೇಲೆ ಒಡೆದ ಚೂರುಗಳನ್ನು ಆರಿಸುವಾಗ, ಒಂದು ನೀಲಿ ಟೈಲ್‌ನ ಅಡಿಯಲ್ಲಿ ಹಿತ್ತಾಳೆಯ ಮುಚ್ಚಳ ಸಿಕ್ಕಿತು. ನೆಲದ ನೀರು ಒತ್ತಿದಾಗ ತಾನಾಗಿ ತೆರೆದು ಒತ್ತಡ ಇಳಿಸಲೆಂದೇ ಇಟ್ಟ ಬಾಯಿ ಅದು. ಅಂದ ಕೆಡುತ್ತದೆಂದು ಯಾರೋ ಅದರ ಮೇಲೆ ಗಾರೆ ಬಳಿದು ಟೈಲ್ ಹಾಸಿದ್ದರು.

ನಲವತ್ತು ಮನೆಗಳು ಗಂಟುಮೂಟೆ ಕಟ್ಟಿಕೊಂಡು ಹೋಗಿವೆ. ದಾವಲಸಾಬರು ದಿನವೂ ಬಂದು ಕೊಳದ ಅಂಚಿನಲ್ಲಿ ಕೂರುತ್ತಾರೆ.

ನಿಮ್ಮನ್ನು ದೂರಲು ಬರೆಯುತ್ತಿಲ್ಲ. ಪಂಪು ತಿರುಗಿಸಿದ ಕೈ ನನ್ನದೇ. ಆದರೆ ಆ ಟೈಲ್ ಹಾಸುವವನು ನಿಮ್ಮ ಕಾಲದಲ್ಲಿ ಇನ್ನೂ ಗಾರೆ ಕಲಸುತ್ತಿರಬಹುದು. ಹೋಗಿ ಅವನ ಕೈ ಹಿಡಿದು ತಡೆಯಿರಿ.