ಹದಿನಾರು ಇಂಚು

ಷೋರೂಮಿನಲ್ಲಿ ನಮ್ಮ ಆರ್ಡರ್ ಬರೆದುಕೊಂಡ ಮೇಡಂ ಅವರಿಗೆ ನಮಸ್ಕಾರ.

ಹೋದ ತಿಂಗಳು ಹೆಂಡತಿಯ ಜೊತೆ ಬಂದು, ಒಳಗೇ ಉಂಡು ಮಲಗಿ ಊರೂರು ಸುತ್ತುವ ಆ ಕ್ಯಾಂಪರ್‌ವ್ಯಾನ್ ಬುಕ್ ಮಾಡಿದ ಗಾರೆ ಮೇಸ್ತ್ರಿ ನಾನು. ಗಾಡಿಗೆ ಬೇಕೆಂದ ಹೆಚ್ಚುವರಿ ಸಾಮಾನುಗಳ ಪಟ್ಟಿಯಲ್ಲಿ ಒಂದು ಬದಲಾವಣೆ ಆಗಬೇಕಿತ್ತು.

ಅವತ್ತು ನೀವು, "ಬಾಗಿಲಿಗೆ ಮಡಚೋ ಮೆಟ್ಟಿಲು ಹಾಕಿಸ್ಲಾ ಅಮ್ಮಾ?" ಎಂದು ಅವಳನ್ನು ಕೇಳಿದಿರಿ. ಅವಳು ಬಾಯಿ ತೆರೆಯುವ ಮೊದಲೇ ನಾನು, "ಅದನ್ನ ಮುದುಕರಿಗೆ ಮಾರಿ, ನಮಗೆ ಗಾಡಿ ಹಿಂದೆ ಸೈಕಲ್ ಸ್ಟ್ಯಾಂಡ್ ಹಾಕಿ," ಅಂದುಬಿಟ್ಟೆ. ಅವಳೂ ನಕ್ಕಳು. ನಗುವನ್ನೇ ಒಪ್ಪಿಗೆ ಅಂದುಕೊಂಡೆ.

ನಿನ್ನೆ ಮಧ್ಯಾಹ್ನ ಕೆಲಸದಿಂದ ಬೇಗ ಬಂದೆ. ಅವಳು ಅಡುಗೆಮನೆಯಲ್ಲಿ ನನ್ನದೇ ಇಟ್ಟಿಗೆ ಪೇರಿಸಿ, ನನ್ನದೇ ಟೇಪು ಹಿಡಿದು ಹದಿನಾರು ಇಂಚು ಅಳೆದು, ಸಿಂಕಿನ ಅಂಚನ್ನು ಆತುಕೊಂಡು ಹತ್ತಿ ಇಳಿಯುತ್ತಿದ್ದಳು. ನಿಮ್ಮ ಗಾಡಿಯ ಬಾಗಿಲಿನ ಹೊಸ್ತಿಲೂ ನೆಲದಿಂದ ಅಷ್ಟೇ ಎತ್ತರ. ನಾಲ್ಕನೇ ಸಲಕ್ಕೆ ಮಂಡಿ ಹಿಡಿದು ಕೂತಳು. ನಾನು ಕಳ್ಳನ ಹಾಗೆ ಹಿಂದೆ ಸರಿದು, ಬೀದಿಗೆ ಹೋಗಿ, ಜೋರಾಗಿ ಕೆಮ್ಮುತ್ತಾ ಮತ್ತೆ ಬಂದೆ. ಅಷ್ಟರಲ್ಲಿ ಇಟ್ಟಿಗೆಗಳು ಹಿತ್ತಿಲು ಸೇರಿದ್ದವು.

ಮೂವತ್ತು ವರ್ಷದಿಂದ ಊರವರ ಮನೆಗೆಲ್ಲ ಮೆಟ್ಟಿಲು ಕಟ್ಟಿದ್ದೇನೆ. ಒಂದೂ ಏಳು ಇಂಚು ದಾಟಿಲ್ಲ.

ಸೈಕಲ್ ಸ್ಟ್ಯಾಂಡ್ ತೆಗೆದು ಆ ಮೆಟ್ಟಿಲು ಹಾಕಿ. ಪಕ್ಕದಲ್ಲಿ ಗಟ್ಟಿಯಾದ ಹಿಡಿಕೆಯೂ ಇರಲಿ. ಅವಳೇನಾದರೂ ಕೇಳಿದರೆ, ಅದು ಎಲ್ಲ ಗಾಡಿಗೂ ಬರುತ್ತದೆ ಎಂದುಬಿಡಿ ಅಂತ ಬರೆಯಲು ಹೊರಟಿದ್ದೆ. ಬೇಡ, ನಾನೇ ಹೇಳುತ್ತೇನೆ.

ಪರದೆಯ ಬಣ್ಣ ಆರಿಸುವುದು ಇನ್ನೂ ಬಾಕಿ ಇದೆಯಲ್ಲ, ಅದನ್ನು ಅವಳನ್ನೇ ಕೇಳಿ. ಆಗ ನಾನು ಹೊರಗೆ ನಿಂತಿರುತ್ತೇನೆ.

ಇಂತಿ,
ಮೆಟ್ಟಿಲು ಬೇಡವೆಂದ ಮೇಸ್ತ್ರಿ