ಎದೆಗೆ ಕಟ್ಟಿದ ಪಟ್ಟಿ

ಮಾರ್ಚ್ 4

ಇವತ್ತೂ ಲಾರಿ ಟೈರು ಬಿಚ್ಚಿದ್ದು ನಾನೇ. ಕೈಯೆಲ್ಲ ಗ್ರೀಸು. ಅಣ್ಣ ಗಲ್ಲಾದಲ್ಲಿ ಕೂತು ಫೋನು ಉಜ್ಜುತ್ತಿದ್ದ. ಅಂಗಡಿ ಅವನದಂತೆ, ಟೈರು ನನ್ನವಂತೆ!

ಸಂಜೆ ವೇಟ್‌ಲಿಫ್ಟಿಂಗಿಗೆ ಹೋದರೆ ಅಲ್ಲೊಂದು ಹೊಸ ಅವತಾರ. ಕಾಲೇಜಿಂದ ಬಂದ ಮೇಡಂ. ಆಟದವರ ಆತಂಕ ಅಳೆಯುತ್ತಾರಂತೆ. ಎದೆಗೆ ಪಟ್ಟಿ ಕಟ್ಟಿದರು. ಎದೆ ಬಡಿತದ ಲೆಕ್ಕ ಅವರ ವಾಚಿನಲ್ಲಿ. ಮೇಲಿಂದ ಪ್ರಶ್ನೆ ಬೇರೆ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವಳಿಗೆ ಮತ್ತೆ ಪರೀಕ್ಷೆ!

"ಹೊಟ್ಟೆಯಲ್ಲಿ ಸಂಕಟ ಆಗುತ್ತಾ? ಸೋಲ್ತೀನಿ ಅನ್ಸುತ್ತಾ?"

"ಇಲ್ಲ. ಇಲ್ಲ."

"ಯಾವುದಕ್ಕೂ ಇಲ್ವಾ?"

"ಇಲ್ಲ ಅಂದ್ರೆ ಇಲ್ಲ ಮೇಡಂ! ಎಷ್ಟ್ ಸಲ ಹೇಳ್ಬೇಕು?"

ವಾಚು ನೋಡಿ ನಕ್ಕರು. 136. ಮಾನ ಹೋಯಿತು.

ಆಮೇಲೆ ಕೋಚ್ ಸರ್ ಕರೆದರು. ಹಿಂದಿನ ಎರಡು ಪಂದ್ಯದಲ್ಲೂ ಎತ್ತಲಾಗದೆ ಬಂದಿದ್ದೇನೆ. ಈ ತಿಂಗಳ 23ರ ಪಂದ್ಯವೂ ಹೋದರೆ ತಂಡದಲ್ಲಿ ನನ್ನ ಜಾಗ ಇನ್ನೊಬ್ಬಳಿಗೆ. "ಮೊದ್ಲು ಆ ನಂಬರ್ ಇಳಿಸ್ಕೊಳಮ್ಮ."

ಮಾರ್ಚ್ 9

ಇಳಿಸಿದೆ. ಕಣ್ಣು ಮುಚ್ಚಿ ಮಲಗಿ, ಉಸಿರು ಎಳೆದು, ಬಿಟ್ಟು... 78! ಕೋಚ್ ಸರ್‌ಗೆ ಖುಷಿಯೋ ಖುಷಿ.

ಎದ್ದು ಬಾರ್ ಹಿಡಿದರೆ ಮೊಣಕಾಲು ದಾಟಲಿಲ್ಲ. ದಿನಾ ಎತ್ತುವ ತೂಕ. ಕೈಕಾಲು ಒದ್ದೆ ಬಟ್ಟೆ.

ಮಾರ್ಚ್ 12

ಅಣ್ಣ ಜಿಮ್ಮಿಗೇ ನುಗ್ಗಿದ. "ನಿನ್ ಕೈಲಾಗಲ್ಲ ಬಿಡೇ, ನಡಿ, ಲಾರಿ ನಿಂತಿದೆ." ಅದೂ ಎಲ್ಲರ ಮುಂದೆ.

ಬೈಯುತ್ತಲೇ ಬಾರ್ ಹಿಡಿದೆ. ಬೈಗುಳ ಮುಗಿಯುವ ಮೊದಲೇ ತೂಕ ತಲೆ ಮೇಲೆ. ವಾಚು — 139.

ಮೇಡಂ ಕೋಚ್ ಸರ್ ಕಡೆ ತಿರುಗಿದರು. "ನಾವೇ ತಪ್ಪು ತಿಳ್ಕೊಂಡ್ವಿ ಸರ್. ಪಟ್ಟಿ ಬಡಿತ ಎಣಿಸುತ್ತೆ ಅಷ್ಟೆ. ಭಯಾನೋ ಸಿಟ್ಟೋ ಅದಕ್ಕೇನ್ ಗೊತ್ತು? ಒಬ್ಬೊಬ್ರಿಗೆ ಒಂದೊಂದ್ ನಂಬರ್ ಒಗ್ಗುತ್ತೆ. ಇವಳದು ಮೇಲೇ ಇರ್ಬೇಕು."

"ಅಂದ್ರೆ... ಸಿಟ್ಟು ಬರ್ಸ್ಬೇಕಾ?" ಸರ್ ಮುಖ ಬಾಡಿತು. ಇರುವೆಗೂ 'ಸ್ವಲ್ಪ ಸರಿಯಪ್ಪ' ಅನ್ನುವ ಮನುಷ್ಯ.

ಮಾರ್ಚ್ 15

ಸರ್ ಇವತ್ತು ಬೈದು ನೋಡಿದರು. "ನೀನು... ಅಷ್ಟೇನೂ ಒಳ್ಳೆಯವಳಲ್ಲ ಕಣಮ್ಮ." ಮರುಕ್ಷಣವೇ, "ಬೇಜಾರಾಯ್ತಾ?"

ನಕ್ಕು ನಕ್ಕು ಬಾರ್ ಬಿಟ್ಟೆ.

ಕೊನೆಗೆ ಕೆಲಸ ಅಣ್ಣನ ಪಾಲಿಗೆ. "ಇವಳನ್ನ ಉರಿಸೋದಾ? ನಂಗೆ ನೀರು ಕುಡಿದಷ್ಟು ಸಲೀಸು" ಅಂದ. ಪಂದ್ಯದ ದಿನ ಅಂಗಡಿ ಮುಚ್ಚಿ ಬರುತ್ತಾನಂತೆ.

ಮಾರ್ಚ್ 23, ಬೆಳಿಗ್ಗೆ 11.20

ವೇದಿಕೆ ಹಿಂದಿನ ಬೆಂಚು. ಎರಡು ಅವಕಾಶ ಮುಗಿಯಿತು, ಎರಡೂ ಹೋಯಿತು. ಇನ್ನೊಂದೇ. ಬೇರೆಯವರು ಎತ್ತುತ್ತಿದ್ದಾರೆ. ಕೈ ಸುಮ್ಮನಿರುತ್ತಿಲ್ಲ, ಅದಕ್ಕೇ ಗೀಚುತ್ತಿದ್ದೇನೆ. ಪಕ್ಕದಲ್ಲಿ ಕೂತ ಮೇಡಂ ವಾಚಿನಲ್ಲಿ 84. ಅಣ್ಣನ ಪತ್ತೆಯಿಲ್ಲ.

ಬಂದ! ಇಸ್ತ್ರಿ ಅಂಗಿ. ಬೈಯೋ, ಬೇಗ ಬೈಯೋ...

ಇದೇನಿದು, ಕಣ್ಣಲ್ಲಿ ನೀರು! ತಲೆ ಸವರುತ್ತಾನೆ. "ಇಲ್ಲೀವರೆಗೂ ಬಂದ್ಯಲ್ಲ ಪುಟ್ಟಿ, ಸಾಕು. ಎತ್ತದಿದ್ರೂ ಪರ್ವಾಗಿಲ್ಲ ಕಣೇ."

ಪರ್ವಾಗಿಲ್ಲ ಅಂತೆ! ಇಷ್ಟು ವರ್ಷ ಇವನ ಟೈರು ಹೊತ್ತಿದ್ದು 'ಪರ್ವಾಗಿಲ್ಲ' ಅನ್ನಿಸಿಕೊಳ್ಳುವುದಕ್ಕಾ?

"ಯಾರೋ ಪುಟ್ಟಿ? ತೊಲಗೋ ಅತ್ಲಾಗೆ!"

"ಏ, ನಾನೇನಂದೆ ಈಗ?"

ಮೇಡಂ ಬಾಯಿ ಮುಚ್ಚಿಕೊಂಡು ನಗುತ್ತಾ ವಾಚು ತೋರಿಸುತ್ತಿದ್ದಾರೆ. 118. 131. ಇವನಿನ್ನೂ ಮೂಗು ಒರೆಸುತ್ತಿದ್ದಾನೆ. 138. ನನ್ನ ಹೆಸರು ಕೂಗಿದರು. ಬಂದೆ ಇರ್ರಪ್ಪ, ಆ ತೂಕ ಎತ್ತಿ ತಂದು ಇವನ ತಲೆ ಮೇಲೆ —