ಒಂದೇ ಕಡ್ಡಿಗೆ ಹತ್ತುವ ಪುಡಿ

ಫೆಬ್ರವರಿ 3, ಸೋಮವಾರ

ಇಪ್ಪತ್ತೆರಡು ಪ್ಯಾನಲ್ ಮುಗಿಯಿತು. ಹೆರಿಗೆ ಆಸ್ಪತ್ರೆಯ ಎರಡನೇ ಮಹಡಿಯ ಹೊರಗೋಡೆಗೆ ಸಾಕು. ಸಹಾಯಕ ಹುಡುಗ ಓಡೂರ್ ಇನ್ನೆರಡು ಹಾಳು ಮಾಡಿದ — ಮಡಿಕೆಗೆ ಕೊರೆಯುವ ಗ್ರೂವ್ ಆಳವಾಗಿ, ಮಡಚುವಾಗ ಮುಂದಿನ ತಗಡು ಬಿರಿಯಿತು. "ಚಪಾತಿ ಮಡಚಿದ ಹಾಗೆ ಮಡಚ್ತೀಯಲ್ಲೋ" ಅಂದೆ. "ಚಪಾತಿ ಆಗಿದ್ರೆ ತಿಂದಾದ್ರೂ ತಪ್ಪು ಮುಚ್ಕೋತಿದ್ದೆ" ಅಂದ.

ಪ್ರತಿ ಪ್ಯಾನಲಿನ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಮಹಡಿ, ತಾರೀಖು, ನನ್ನ ಹೆಸರಿನ ಮೊದಲಕ್ಷರ. ಗೋಡೆಗೆ ಏರಿದ ಮೇಲೆ ಯಾರೂ ನೋಡುವುದಿಲ್ಲ. ಆದರೂ ಅಭ್ಯಾಸ.

ಕೊರೆಯುವ ಬಿಟ್ ಮತ್ತೆ ಮೊಂಡು. ಬೆಂಕಿ ತಡೆಯುವ ಶೀಟು ಇದು, ನಡುವಿನ ಪದರದಲ್ಲಿ ಕಲ್ಲುಪುಡಿ. ದಿನಕ್ಕೊಂದು ಬಿಟ್ ತಿನ್ನುತ್ತದೆ.

ನಮ್ಮ ಶೆಡ್ಡಿನ ಗೇಟಿನ ಬಳಿ ಚಹಾ ಮಾರುವ ನಾಲೊಂಗೊ — ಅವಳಿ ಹೆತ್ತವಳನ್ನು ಇಲ್ಲಿ ಹಾಗೇ ಕರೆಯುವುದು, ಹುಟ್ಟುಹೆಸರು ನನಗೂ ಗೊತ್ತಿಲ್ಲ — ದೂರು ತಂದಳು. "ಲೋ ಕ್ಯೆಯುನೆ, ನೀನು ಕೊರೆದ ಪುಡಿ ತಗೊಂಡ್ಹೋಗಿ ಒಲೆ ಹಚ್ಚೋಕೆ ನೋಡ್ದೆ. ಅರ್ಧ ಬೆಂಕಿಪೊಟ್ಟಣ ಖಾಲಿ. ಗಂಡಸ್ರ ಮಾತಿನ ಹಾಗೆ, ಬರೀ ಹೊಗೆ."

"ಹತ್ತಬಾರದು ಅಂತಾನೇ ಮಾಡಿರೋದು ಕಣಕ್ಕ" ಅಂದೆ.

ತಂಗಿ ನಮುದ್ದು ಫೋನ್ ಮಾಡಿದ್ದಳು. ಇದೇ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದೆ, ಮೂರನೇ ಮಹಡಿ. "ಅಣ್ಣಾ, ನನ್ನ ಮಹಡಿ ಮಾತ್ರ ವಾರೆಕೋರೆ ಮಾಡ್ಬೇಡ."

ಫೆಬ್ರವರಿ 11

ಮೂರು, ನಾಲ್ಕನೇ ಮಹಡಿಗೆ ಶೀಟಿನ ಹೊಸ ಲೋಡ್. ಕಂಪಾಲಾ ಟ್ರಾಫಿಕ್ಕಿನಲ್ಲಿ ಸಿಕ್ಕಿ ಮಧ್ಯಾಹ್ನ ಬಂತು. ಅದೇ ಬಣ್ಣ, ಮೇಲಿನ ಫಿಲ್ಮಿನಲ್ಲಿ ಅದೇ ಬಾಣ, ಬೆಂಕಿಗೆ ಹತ್ತುವುದಿಲ್ಲ ಎಂಬ ಅದೇ ಮುದ್ರೆ. ಬಿಟ್ ಮಾತ್ರ ಬೆಣ್ಣೆಯೊಳಗೆ ಇಳಿದ ಹಾಗೆ ಇಳಿಯುತ್ತದೆ. "ದೇವರು ಕಣ್ಣು ಬಿಟ್ಟ" ಅಂದ ಓಡೂರ್. ನನಗೂ ಖುಷಿ.

ಫೆಬ್ರವರಿ 19

ಎಂಟು ದಿನದಿಂದ ಅದೇ ಬಿಟ್. ಇನ್ನೂ ಹರಿತ. ತುದಿಗೆ ಪ್ಲಾಸ್ಟಿಕ್ ಮೆತ್ತುತ್ತದೆ, ಆಗಾಗ ಕೆರೆಯಬೇಕು ಅಷ್ಟೆ. ಮೂರನೇ ಮಹಡಿಯ ಪ್ಯಾನಲ್ ಪೂರ್ತಿ ಏರಿಸಿದರಂತೆ.

ಫೆಬ್ರವರಿ 20, ಬೆಳಿಗ್ಗೆ 8

ನಾಲೊಂಗೊ ಕೇಳದೆಯೇ ಒಂದು ಬಟ್ಟಲು ಕಟೊಗೊ ತಂದಿಟ್ಟಳು. ಬೇಯಿಸಿದ ಬಾಳೆಕಾಯಿಗೆ ಬೀನ್ಸ್ ಕಾಳು ಬೇರೆ ಹಾಕಿದ್ದಳು. "ತಿನ್ನು. ಇವತ್ತು ಪುಕ್ಕಟೆ. ನಿನ್ನ ಹೊಸ ಪುಡಿ ಚಿನ್ನ ಕಣೋ. ಒಂದೇ ಕಡ್ಡಿ, ಭಗ್ ಅಂತ ಹತ್ತುತ್ತೆ. ಎರಡು ಗೋಣಿ ಎತ್ತಿಟ್ಕೊಂಡಿದೀನಿ."

ಬಟ್ಟಲು ಅಲ್ಲೇ ಬಿಟ್ಟು ಎದ್ದೆ.

ಬೆಳಿಗ್ಗೆ 10

ಶೆಡ್ಡಿನ ಹಿಂದೆ ಎರಡು ತುಂಡು ಇಕ್ಕಳದಲ್ಲಿ ಹಿಡಿದು ಲೈಟರ್ ತೋರಿಸಿದೆ. ಹಳೆಯದು ಕಪ್ಪಾಗಿ ಆರಿತು. ಹೊಸದು ಹತ್ತಿತು. ಹನಿ ಹನಿಯಾಗಿ ಕರಗಿ ಬಿತ್ತು, ಬಿದ್ದ ಹನಿಯೂ ಉರಿಯುತ್ತಿತ್ತು. ತುಳಿದರೆ ಬೂಟಿಗೆ ಅಂಟಿತು. ಓಡೂರ್ ನೀರು ತಂದು ಸುರಿದ.

ನಾಲೊಂಗೊಳ ಗೋಣಿಗಳನ್ನು ವಾಪಸು ತರಿಸಿದೆ. ಬೈದುಕೊಂಡೇ ಕೊಟ್ಟಳು.

ಸಂಜೆ 4

ಯಜಮಾನ ಸೆರುವಾಗಿಗೆ ಸುಟ್ಟ ತುಂಡು ತೋರಿಸಿದೆ. ಅವರು ಫಿಲ್ಮಿನ ಮೇಲೆ ಬೆರಳಿಟ್ಟರು. "ಓದು. ಏನ್ ಬರ್ದಿದೆ?"

"ಬರ್ದಿರೋದು ಉರಿಯಲ್ಲ ಸಾರ್. ಒಳಗಿರೋದು ಉರಿಯುತ್ತೆ."

"ಗೋಡೆಗೆ ಯಾರಯ್ಯಾ ಬೆಂಕಿ ಇಡ್ತಾರೆ? ಅದೇನು ಅಡುಗೆಮನೇನಾ?"

ಒಂದು ಕಾಗದ ಮುಂದಿಟ್ಟರು. ಎಲ್ಲ ಶೀಟು ಪರೀಕ್ಷಿಸಿದೆ, ಸರಿಯಿದೆ ಎಂದು. "ಎಲ್ಲಾ ನಿನ್ನ ಕೈಯಿಂದಾನೇ ದಾಟಿದ್ದು. ನೀನೇ ಹಾಕ್ಬೇಕು ಸೈನು."

ನಾಳೆ ಹೇಳುತ್ತೇನೆ ಅಂದೆ...

ಮಾರ್ಚ್ 2, ಭಾನುವಾರ

ಹತ್ತು ದಿನ ಬರೆಯಲಿಲ್ಲ. ಸೈನ್ ಹಾಕಿದೆ.

ಯಾಕೆ? ಹೆದರಿಕೆ. ಹದಿನೇಳು ವರ್ಷದ ಕೆಲಸ, ಈ ವಯಸ್ಸಿನಲ್ಲಿ ಯಾವ ಶೆಡ್ಡಿಗೆ ಹೋಗಲಿ? ಹೇಡಿ ನಾನು. ಮೂರನೇ ಮಹಡಿಯ ಒಂದೊಂದು ಪ್ಯಾನಲಿನ ಬೆನ್ನಿಗೂ ನನ್ನ ಅಕ್ಷರವಿದೆ.

ಒಂದೇ ಒಂದು ಮಾತು ನಡೆಸಿಕೊಂಡೆ. ನಾಲ್ಕನೇ ಮಹಡಿಯಲ್ಲಿ ಆಸ್ಪತ್ರೆಯ ಹೆಸರಿನ ಬೋರ್ಡು ಇನ್ನೂ ಕೂರಿಸಬೇಕು. ಅದರ ಚೌಕಟ್ಟಿಗೆ ಅಲ್ಲಿ ವೆಲ್ಡಿಂಗ್ ಬೇಡ, ಕಿಡಿ ಪ್ಯಾನಲಿನ ಹಿಂದಿನ ಸಂದಿಗೆ ಬೀಳುತ್ತದೆ, ಬೋಲ್ಟ್ ಹಾಕಿಸಿ ಅಂದೆ. "ಆಯ್ತಪ್ಪಾ, ಬೋಲ್ಟು" ಅಂದರು ಸೆರುವಾಗಿ. ಆ ಒಂದು ಮಾತನ್ನೇ ದಿಂಬು ಮಾಡಿಕೊಂಡು ಮಲಗುತ್ತೇನೆ. ನಿದ್ದೆ ಬರುವುದಿಲ್ಲ.

ಮಾರ್ಚ್ 5

ನಮುದ್ದು ಫೋನ್. ಉದ್ಘಾಟನೆಗೆ ಮುಂಚೆಯೇ ಹಳೆ ವಾರ್ಡಿನವರನ್ನು ಮೂರನೇ ಮಹಡಿಗೆ ತಂದರಂತೆ. "ಒಂಬತ್ತು ಬಾಣಂತಿಯರು, ಹತ್ತು ಕೂಸು ಅಣ್ಣಾ. ಒಬ್ಬಳು ನಾಲೊಂಗೊ ಆದ್ಲು."

ಕಿಟಕಿ ತೆರೆಯಲು ಬರುತ್ತದೆಯಾ ಎಂದು ಕೇಳಿದೆ.

"ಇಲ್ಲ, ಗಾಜು ಕೂರಿಸ್ಬಿಟ್ಟಿದಾರೆ. ಏಸಿ ಇದೆಯಲ್ಲ. ಯಾಕೆ?"

ಹೇಳಿದೆ. ಸೈನಿನ ತನಕ ಎಲ್ಲ ಹೇಳಿದೆ.

"ನಾಳೆ ಹತ್ತಕ್ಕೆ ಇಲ್ಲಿನ ದೊಡ್ಡ ಡಾಕ್ಟರಮ್ಮ ಬರ್ತಾರೆ. ಎರಡೂ ತುಂಡು ತಗೊಂಡ್ ಬಾ. ಬರ್ಲಿಲ್ಲ ಅಂದ್ರೆ ನನಗೊಬ್ಬ ಅಣ್ಣ ಇದ್ದ ಅನ್ನೋದನ್ನೇ ಮರೀತೀನಿ."

ಮಾರ್ಚ್ 6, ಬೆಳಿಗ್ಗೆ 9:40

ಆಸ್ಪತ್ರೆ ಗೇಟಿನ ಹೊರಗೆ, ಬೆಂಚಿನ ಮೇಲೆ. ಚೀಲದಲ್ಲಿ ಎರಡು ತುಂಡು, ಬೆಂಕಿಪೊಟ್ಟಣ. ನಾನು ಸುಳ್ಳು ಸೈನ್ ಹಾಕಿದೆ ಎಂದು ಬರೆದ ಕಾಗದವೂ ಇದೆ. ಕೆಲಸ ಹೋದರೆ ಹೋಗಲಿ. ಎಷ್ಟೋ ದಿನದ ಮೇಲೆ ಎದೆ ಹಗುರ.

ಮೂರನೇ ಮಹಡಿಯ ಗಾಜಿನ ಹಿಂದೆ ನಮುದ್ದು. ನನ್ನನ್ನು ನೋಡಿ ಕೈ ಬೀಸಿದಳು. ಇನ್ನೊಂದು ತೋಳಿನಲ್ಲಿ ಒಂದು ಕೂಸು.

9:52

ನಾಲ್ಕನೇ ಮಹಡಿಯ ಅಟ್ಟಣಿಗೆ ಮೇಲೆ ಬೋರ್ಡು ಕೂರಿಸುವವರು, ಇಬ್ಬರು. ವೆಲ್ಡಿಂಗಿನ ನೀಲಿ ಬೆಳಕು. ಬೋಲ್ಟಲ್ಲ.

ಕೂಗಿದೆ, ಮೇಲಕ್ಕೆ ಕೇಳಿಸಲಿಲ್ಲ. ನಮುದ್ದು ಫೋನ್ ಎತ್ತುತ್ತಿಲ್ಲ. ಕಾವಲಿನವನು ಗೇಟಿಗೆ ಬೀಗ ಹಾಕಿ, ಒಳಗೆ ಕೇಳಿ ಬರುತ್ತೇನೆಂದು ಹೋದ. ಡಾಕ್ಟರಮ್ಮನಿಗೆ ತೋರಿಸಲು ಹೊತ್ತು ಬರೆದಿಡುತ್ತಿದ್ದೇನೆ, ವೆಲ್ಡಿಂಗ್ ಆಗಲೇ ಇಲ್ಲ ಎಂದು ಆಮೇಲೆ ಯಾರೂ ಅನ್ನಬಾರದು.

9:56

ಕಾವಲಿನವನು ಬರಲಿಲ್ಲ. ಮೂರನೇ ಮಹಡಿಯ ಸಂದಿಯಿಂದ ಏನೋ ತೊಟ್ಟಿಕ್ಕುತ್ತಿದೆ. ಮಳೆಯಿಲ್ಲ. ನೆಲಕ್ಕೆ ಬಿದ್ದ ಮೇಲೂ ಆ ಹನಿ ಉರಿಯುತ್ತ —